ನಗರದ ದಂಗೆಯ ಕಾರಣವಿಮರ್ಶೆ

ಕ್ರಿ. ಶ. ೧೮೩೦-೩೧ರಲ್ಲಿ ಮೈಸೂರು ಸಂಸ್ಥಾನದ ಮಲೆನಾಡಿನಲ್ಲಿ ನಡೆದ ನಗರದ ದಂಗೆಯು ಕರ್ಣಾಟಕದ ಇತಿಹಾಸವನ್ನು ವ್ಯಾಸಂಗಮಾಡುವವರಿಗೆ ಅಪರಿಚಿತವಾದುದಲ್ಲ. ಅದರ ಫಲವಾಗಿ ೧೮೩೧ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಭಾರವು ಇಂಗ್ಲಿಷ್ ಕಂಪನಿಯ ಕೈಗೆ ಹೋಯಿತು. ೧೮೮೧ರವರೆಗೂ ಅರಸುಮನೆತನಕ್ಕೆ ಹಿಂದಿರುಗಲಿಲ್ಲ. ಇಷ್ಟು ಮಹತ್ತಾದ ಫಲವುಳ್ಳ ಕಾರ್ಯಕ್ಕೆ ಕಾರಣವಾವುದೆಂಬಲ್ಲಿ ಮಾತ್ರ ಗ್ರಂಥಕರ್ತರಿಗೆ ಏಕವಾಕ್ಯತೆಯಿಲ್ಲ. ಬಡತನವೇ ಕಾರಣವೆಂದು ಕೆಲವರು. ಅಳಿದ ವೀರಶೈವ ರಾಜವಂಶದ ಹೆಸರನ್ನು ಹೇಳಿಕೊಂಡು ಬಂದ ಒಬ್ಬ ವಂಚಕನೇ ಕಾರಣನೆಂದು ಕೆಲವರು. ಅಧಿಕಾರಿಗಳ ಪಕ್ಷಪ್ರತಿಪಕ್ಷಗಳೆಂದು ಮತ್ತೆ ಕೆಲವರು. ಈ ಮೂರನ್ನೂ ಒಂದು ಸಾಲಿನಲ್ಲಿ ಬರೆದು ನಡುವೆ ‘ಮತ್ತು’ ಶಬ್ದವನ್ನು ಹಾಕಿ ಮುಂದೆ ಸಾಗುವವರೂ ಇದ್ದಾರೆ. ಸಮುಚ್ಚಯವು ವ್ಯಾಕರಣದಲ್ಲಿ ಅರ್ಥವುಳ್ಳದ್ದೇ. ಕಾರಣವಿಚಾರದಲ್ಲಿ ಅದು ಉತ್ತರವಾಗಲಾರದು.

ದಂಗೆಗೆ ಹೆಸರುಕೊಟ್ಟ ನಗರವೆಂಬುದು ಪೂರ್ವದ ಬಿದನೂರು. ಇಂದಿನ ಹೊಸನಗರ ತಾಲೂಕಿನ ಒಂದು ಗ್ರಾಮ. ಕೆಳದಿ, ಇಕ್ಕೇರಿ, ಆನಂದಪುರಗಳು ಸಾಗರ ತಾಲೂಕಿನವು. ಕವಲೇದುರ್ಗವು ತೀರ್ಥಹಳ್ಳಿ ತಾಲೂಕಿನದು. ಕೆಳದಿಯ ಅರಸರ ಮುಖ್ಯವಾದ ನೆಲೆಗಳೆಲ್ಲವೂ ಈ ಮೂರು ತಾಲೂಕುಗಳ ಒಳಗೇ ಇವೆ. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದು ರಾಣಿ ವೀರಮ್ಮಾಜಿಯನ್ನು ಸೆರೆಗೊಂಡ ಮೇಲೆ ಆ ವಂಶದ ಆಳ್ವಿಕೆ ಮುಗಿಯಿತು. ಊರಿಗೆ ಹೈದರನಗರವೆಂದು ಹೆಸರಾಗಿ, ಕಾಲಕ್ರಮದಲ್ಲಿ ಹೈದರನು ಹೋಗಿ ನಗರವು ಉಳಿಯಿತು.

ಈ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತುವುದಕ್ಕೆ ಪ್ರಕೃತದಲ್ಲಿ ಒಂದು ನಿಮಿತ್ತವುಂಟು. ೨೦೨೨ರ ನವೆಂಬರಿನಲ್ಲಿ ಮಂಗಳೂರಿನಲ್ಲಿ ಚಲಿಸುತ್ತಿದ್ದ ಆಟೋರಿಕ್ಷಾದಲ್ಲಿಯೂ ೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನ ಒಂದು ಉಪಾಹಾರಗೃಹದಲ್ಲಿಯೂ ಸ್ಫೋಟಗಳಾದಾಗ, ತನಿಖೆಯವರು ಆರೋಪ ಹೊರಿಸಿದವರಲ್ಲಿ ತೀರ್ಥಹಳ್ಳಿಯ ತರುಣರು ಇದ್ದರು. ಅಪರಾಧನಿರ್ಣಯವು ನ್ಯಾಯಾಸ್ಥಾನದ ಕಾರ್ಯ, ವಿಮರ್ಶಕರ ಕಾರ್ಯವಲ್ಲ. ಆದರೆ ಆಗ ಕೇಳಿಬಂದ ಎರಡು ವಾಕ್ಯಗಳು ವಿಮರ್ಶೆಗೆ ವಿಷಯವಾಗತಕ್ಕವು. ‘ಮತವೇ ಇದಕ್ಕೆ ಮೂಲ’ ಎಂಬುದೊಂದು. ‘ಬಡತನವೇ ಇದಕ್ಕೆ ಮೂಲ’ ಎಂಬುದು ಇನ್ನೊಂದು. ಮೊದಲನೆಯದು ಒಂದು ಸಮುದಾಯವನ್ನೆಲ್ಲ ನಿಂದಿಸುತ್ತದೆ. ಎರಡನೆಯದು ಕನಿಕರದ ಮಾತಿನಂತೆ ತೋರಿದರೂ ಬಡವರನ್ನೆಲ್ಲ ನಿಂದಿಸುತ್ತದೆ. ಎರಡು ವಾಕ್ಯಗಳೂ ಇದೇ ನೆಲದಲ್ಲಿ ನೂರತೊಂಬತ್ತು ವರ್ಷಗಳ ಹಿಂದೆ ಆಡಿದವೇ ಆಗಿರುವುದರಿಂದ, ಅವುಗಳ ಬಲಾಬಲವನ್ನು ನಗರದ ಪ್ರಕರಣದಲ್ಲಿ ಪರೀಕ್ಷಿಸುವುದು ಯುಕ್ತವಾಗಿದೆ.

ಮೊದಲು ಸಂಗತಿ. ಆ ಕಾಲದ ಮೈಸೂರಿನಲ್ಲಿ ಕಂದಾಯವಸೂಲಿಗೆ ‘ಶರತ್ತು’ ಎಂಬ ಪದ್ಧತಿಯಿದ್ದಿತು. ಅಮಲ್ದಾರನು ತನ್ನ ತಾಲೂಕಿನಿಂದ ಇಷ್ಟು ಹಣವನ್ನು ಕೂಡಿಸಿಕೊಡುವೆನೆಂದು ಮುಚ್ಚಳಿಕೆ ಬರೆದುಕೊಡತಕ್ಕದ್ದು. ಕಡಮೆ ಬಿದ್ದರೆ ತಾನೇ ತುಂಬತಕ್ಕದ್ದು. ಹೆಚ್ಚಿದರೆ ಹೆಚ್ಚಿದುದೂ ಸರಕಾರಕ್ಕೆ ಸಲ್ಲತಕ್ಕದ್ದು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆಗಳನ್ನು ಹಾಕುವುದಿಲ್ಲ ಎಂಬ ವಾಕ್ಯಗಳೂ ಅದೇ ಮುಚ್ಚಳಿಕೆಯಲ್ಲಿರುತ್ತಿದ್ದವು. ಒಂದೇ ಪತ್ರದಲ್ಲಿ ಇಂಥ ವಿಧಿಯನ್ನೂ ಇಂಥ ನಿಷೇಧವನ್ನೂ ಸೇರಿಸಿದವರು ಮೀಮಾಂಸೆಯನ್ನು ಓದಿದವರಲ್ಲವೆಂದು ಸ್ಪಷ್ಟವಾಗಿದೆ. ಮಲೆನಾಡಿನ ಹಿಡುವಳಿದಾರನ ಕೈಗೆ ಹಣ ಬರುತ್ತಿದ್ದುದು ಅಡಕೆ, ಮೆಣಸು, ಏಲಕ್ಕಿ, ಅಕ್ಕಿಗಳನ್ನು ಘಟ್ಟದ ಕೆಳಗೂ ಬಯಲುಸೀಮೆಗೂ ಮಾರಿದಾಗ. ಆ ದಶಕದಲ್ಲಿ ದಕ್ಷಿಣ ಹಿಂದೂಸ್ಥಾನದಲ್ಲೆಲ್ಲ ಪದಾರ್ಥಗಳ ಬೆಲೆ ಇಳಿಯುತ್ತ ಬಂದಿತು. ತೆರಬೇಕಾದ ವರಹಗಳ ಸಂಖ್ಯೆ ಮಾತ್ರ ಇಳಿಯಲಿಲ್ಲ. ೧೮೨೮ರಲ್ಲಿ ನಗರಕ್ಕೆ ಬಂದ ಹೊಸ ಫೌಜುದಾರರು, ಹಿಂದಿನವರು ಕೊಟ್ಟಿದ್ದ ಮಾಫಿಗಳಲ್ಲಿ ಮೋಸವಿದೆಯೆಂದು ಶಂಕಿಸಿ ಅವನ್ನು ತಳ್ಳಿಹಾಕಿ, ಬಿಟ್ಟಿದ್ದುದನ್ನೂ ಕೇಳತೊಡಗಿದರು. ೧೮೩೦ರ ಉತ್ತರಾರ್ಧದಲ್ಲಿ ಬಸವಾಪಟ್ಟಣ, ಹೊಳೆಹೊನ್ನೂರು ಮೊದಲಾದ ಕಡೆಗಳಲ್ಲಿ ರೈತರು ಗುಂಪುಗೂಡಿದರು. ಈ ಗುಂಪಿಗೆ ಕಾಗದಪತ್ರಗಳಲ್ಲಿರುವ ಹೆಸರು ‘ಕೂಟ’.

ಇದೇ ಸಮಯದಲ್ಲಿ ಬೂದಿಬಸವಪ್ಪನೆಂಬವನು ತಾನು ಕೆಳದಿಯ ಅರಸರ ವಾರಸುದಾರನೆಂದು ಸಾರಿಕೊಂಡು ಮುಂದೆ ಬಂದನು. ಸರಕಾರದ ಬರಹಗಳ ಪ್ರಕಾರ ಇವನ ಮೊದಲ ಹೆಸರು ಸಾದರಮಲ್ಲ, ಹುಟ್ಟಿದೂರು ಚಿನ್ನಿಕಟ್ಟೆ. ನಗರದ ಹಿಂದಿನ ಅರಸನ ಬಳಿಯಲ್ಲಿದ್ದ ಒಬ್ಬ ಜಂಗಮನ ಸೇವೆಯಲ್ಲಿದ್ದು, ಅವನಲ್ಲಿದ್ದ ರಾಜಮುದ್ರೆಗಳನ್ನು ಇವನು ಕೈವಶಮಾಡಿಕೊಂಡನು. ಕಳವಿನ ಕಸುಬಿನಲ್ಲಿ ಸೆರೆಮನೆಯನ್ನೂ ಕಂಡುಬಂದನು. ತರೀಕೆರೆಯ ಪಾಳೆಯಗಾರರ ಮನೆತನದ ರಂಗಪ್ಪನಾಯಕನೂ ದಂಗೆಯಲ್ಲಿ ಕೂಡಿಕೊಂಡನು. ಡಿಸೆಂಬರಿನಲ್ಲಿ ಅರಸರೇ ದಂಡಿನೊಡನೆ ಹೊರಟರು; ಕೂಟಗಳನ್ನು ಬಲದಿಂದ ಚೆದುರಿಸಿದರು; ಕೆಲವರನ್ನು ಗಲ್ಲಿಗೇರಿಸಿದರು. ಆಮೇಲೆ ಕೋಟೆಗಳ ಹಿಡಿತ ಬಿಡಿತಗಳು, ಊರುಗಳ ಲೂಟಿ. ೧೮೩೧ರ ಜೂನಿನಲ್ಲಿ ಇಂಗ್ಲಿಷರ ಸೈನ್ಯವು ನಗರವನ್ನು ವಶಪಡಿಸಿಕೊಂಡಿತು.

ಇನ್ನು ಗ್ರಂಥಗಳು. ಹಾಕರ್, ಮಾರಿಸನ್, ಮೆಕ್ಲಾಯಿಡ್, ಕಬ್ಬನ್ ಇವರುಗಳ ಸಮಿತಿಯು ೧೮೩೩ರಲ್ಲಿ ಕೊಟ್ಟ ವರದಿಯೇ ಮುಂದಿನ ಬರಹಗಳಿಗೆಲ್ಲ ಆಕರ. ರೈಸ್ ಸಾಹೇಬರ ಗೆಜೆಟಿಯರು ಅದರ ಸಾರವನ್ನು ತಿಳಿಯಾದ ಶೈಲಿಯಲ್ಲಿ ಸಂಗ್ರಹಿಸಿದುದರಿಂದ, ಸಾಮಾನ್ಯ ವಾಚಕರಿಗೆ ಗೆಜೆಟಿಯರೇ ಮೂಲವಾಗಿಬಿಟ್ಟಿತು. ಈ ಸಾಲಿನ ಗ್ರಂಥಗಳ ಗುಣ ಸಂಗತಿಗಳ ಸಮೃದ್ಧಿ. ದೋಷವೇನೆಂದರೆ, ಸನ್ನಿಹಿತವಾದುದನ್ನೆಲ್ಲ ಕಾರಣವೆನ್ನುವುದು. ತಾರ್ಕಿಕರು ಅನ್ಯಥಾಸಿದ್ಧವನ್ನು ಹೇಳುವಾಗ ಕುಂಬಾರನ ಕತ್ತೆಯನ್ನು ಉದಾಹರಿಸುತ್ತಾರಷ್ಟೆ. ಮಣ್ಣು ಹೊತ್ತುತಂದ ಮಾತ್ರಕ್ಕೆ ಕತ್ತೆಯು ಗಡಿಗೆಗೆ ಕಾರಣವಾಗದು. ಅಧಿಕಾರಿಗಳ ಒಳಜಗಳಗಳ ಬಹುಭಾಗವು ಈ ಕತ್ತೆಯ ವರ್ಗಕ್ಕೆ ಸೇರಿದ್ದು; ಅಂಥ ಜಗಳವಿಲ್ಲದ ಫೌಜುದಾರಿಯು ಆ ಕಾಲದಲ್ಲಿ ಯಾವುದಿದ್ದಿತು? ಶಾಮರಾಯರ ‘ಮಾಡರ್ನ್ ಮೈಸೂರ್’ (೧೯೩೬) ಅರಸರ ಪಕ್ಷದಲ್ಲಿ ಹೇಳಬೇಕಾದುದನ್ನೂ ಎತ್ತಿ ಹೇಳಿ, ತಕ್ಕಡಿಯನ್ನು ಸಮಮಾಡಲು ಯತ್ನಿಸಿದೆ. ಅದು ನ್ಯಾಯವಾದ ಯತ್ನವೇ. ಬರ್ಟನ್ ಸ್ಟೈನರು ೧೯೮೫ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲಿ ‘ರೈತರ ಬಂಡಾಯ’ ಎಂಬರ್ಥದ ಶಬ್ದಗಳನ್ನು ಉದ್ಧರಣಚಿಹ್ನೆಗಳೊಳಗೆ ಇಟ್ಟಿದ್ದಾರೆ. ಆ ಎರಡು ಚಿಹ್ನೆಗಳಲ್ಲಿ ಒಂದು ವಿಮರ್ಶೆಯೇ ಅಡಗಿದೆ: ಬಂಡೆದ್ದವರೆಲ್ಲರೂ ಉಳುವ ಬಡವರಾಗಿದ್ದರೇ ಎಂಬ ಸಂದೇಹ. ಇದಕ್ಕೆ ವಿರುದ್ಧವಾದ ತುದಿಯಲ್ಲಿರುವುದು ‘ಸಾಕಿ’ ಎಂಬ ಹೆಸರಿನಲ್ಲಿ ಸಾಕೇತ್ ರಾಜನ್ ಬರೆದ ‘ಮೇಕಿಂಗ್ ಹಿಸ್ಟರಿ’. ಅದರ ಎರಡನೆಯ ಸಂಪುಟಕ್ಕೆ ೧೮೦೦ರಿಂದ ೧೮೫೭ರವರೆಗಿನ ಸಶಸ್ತ್ರಹೋರಾಟವೇ ವಸ್ತು. ನಗರದ ರೈತನಿಗೆ ಅಲ್ಲಿ ದೊರೆತಿರುವ ಗೌರವವು ಗೆಜೆಟಿಯರಿನಲ್ಲಿ ದೊರೆತಿರಲಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಶಸ್ತ್ರವನ್ನು ಹಿಡಿಯುವುದು ಬಡತನದ ಸಹಜವಾದ ಪರಿಣಾಮವೆಂಬ ಪೂರ್ವನಿರ್ಣಯವು ಆ ಗ್ರಂಥದ ಸಾಲುಸಾಲಿನಲ್ಲಿದೆ. ಗ್ರಂಥಕರ್ತನು ಆ ನಿರ್ಣಯವನ್ನು ಬರಹದಲ್ಲಿ ಮಾತ್ರ ನಿಲ್ಲಿಸಲಿಲ್ಲ. ನಕ್ಸಲರ ನಾಯಕನಾಗಿ ಮಲೆನಾಡಿನ ಕಾಡನ್ನು ಸೇರಿ, ೨೦೦೫ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೋಲೀಸರ ಗುಂಡಿಗೆ ಸತ್ತನು. ಒಂದು ವ್ಯಾಪ್ತಿಯ ಸತ್ಯಾಸತ್ಯತೆಯು ಪಂಡಿತರ ವಿನೋದದ ವಿಷಯವಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

‘ಎಲ್ಲಿ ಬೆಂಕಿಯೋ ಅಲ್ಲಿ ಹೊಗೆ’ ಎಂಬ ವಾಕ್ಯವು ತಪ್ಪೆಂದು ನ್ಯಾಯಶಾಸ್ತ್ರದ ಪ್ರಥಮಪಾಠದಲ್ಲಿಯೇ ಹೇಳಿಕೊಡುತ್ತಾರೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಯೇಳುವುದಕ್ಕೆ ಹಸಿಯ ಸೌದೆಯ ಸಂಬಂಧ ಬೇಕು. ಅದು ಅಲ್ಲಿ ಉಪಾಧಿ. ‘ಎಲ್ಲಿ ಬಡತನವೋ ಅಲ್ಲಿ ಹಿಂಸೆ’, ‘ಎಲ್ಲಿ ಮತಾಭಿಮಾನವೋ ಅಲ್ಲಿ ಹಿಂಸೆ’ ಎಂಬ ವಾಕ್ಯಗಳೂ ಇದೇ ರೀತಿಯಲ್ಲಿ ಸೋಪಾಧಿಕವಾದುವು. ಹಾಗಾದರೆ ನಗರದಲ್ಲಿ ಹಸಿಯ ಸೌದೆ ಯಾವುದು?

ಬಡತನವೆಂಬ ಶಬ್ದವನ್ನೇ ಮೊದಲು ನೋಡತಕ್ಕದ್ದು. ಕೂಟದಲ್ಲಿ ಮುಂದೆ ನಿಂತವರು ಗೌಡರು, ಹಿಡುವಳಿದಾರರು, ವರ್ತಕರು. ಆ ಸೀಮೆಯ ಅತ್ಯಂತ ಬಡವನು ಜೀತದ ಆಳು. ಅವನು ಕಂದಾಯ ಕಟ್ಟುವವನಲ್ಲ, ಮುಚ್ಚಳಿಕೆಯಿಂದ ಅವನಿಗೆ ಹೊಸದಾಗಿ ಹೋಗುವಂತಹುದೇನೂ ಇರಲಿಲ್ಲ. ದಂಗೆಯ ಹಿಂದೆ ಇದ್ದುದು ಬಡತನವಲ್ಲ, ಬಡವಾಗುವಿಕೆ. ಇವೆರಡಕ್ಕೂ ಇರುವ ಅಂತರವನ್ನು ಇತಿಹಾಸಗ್ರಂಥಗಳಿಗಿಂತ ಕಾದಂಬರಿಯೊಂದು ಚೆನ್ನಾಗಿ ಕಂಡಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ತೀರ್ಥಹಳ್ಳಿಯ ಸೀಮೆಯಲ್ಲಿ, ದಂಗೆಯಾದ ಸುಮಾರು ಅರುವತ್ತು ವರ್ಷಗಳ ಅನಂತರ ನಡೆಯುವ ಕಥೆ. ಅದರಲ್ಲಿ ಗುತ್ತಿಯು ಜೀತದ ಹೊಲೆಯರವನು. ಒಡೆಯನ ಅನುಮತಿಯಿಲ್ಲದೆ ತಿಮ್ಮಿಯನ್ನು ಮದುವೆಯಾಗಲಾರನು. ಆದುದರಿಂದ ಅವಳನ್ನು ಕರೆದುಕೊಂಡು ಓಡುತ್ತಾನೆ, ಕತ್ತಿಯನ್ನು ಹಿಡಿಯುವುದಿಲ್ಲ. ಮಲೆನಾಡಿನ ನಿಜವಾದ ದರಿದ್ರನ ಪ್ರತಿಭಟನೆ ಪಲಾಯನವೇ. ಕಾಡು ಅದಕ್ಕೆ ಅನುಕೂಲವಾಗಿಯೂ ಇದೆ. ಮತಾಂತರದ ಕಡೆಗೆ ಮನಸ್ಸು ಹರಿಯುವುದು ಈ ಕಾದಂಬರಿಯಲ್ಲಿ ಗುತ್ತಿಗಲ್ಲ, ಬೆಟ್ಟಳ್ಳಿಯ ಗೌಡರ ಮಗ ದೇವಯ್ಯನಿಗೆ. ಮತದ ಗುರುತನ್ನು ಬದಲಿಸಿಕೊಳ್ಳುವ ಯೋಚನೆಗೂ ಸ್ವಲ್ಪ ಆಸ್ತಿ ಬೇಕಾಗುತ್ತದೆಯೆಂಬ ಈ ಸೂಕ್ಷ್ಮವನ್ನು ಪಾಠಮಾಡುವ ಅಧ್ಯಾಪಕರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಎರಡನೆಯದು ಮತ. ಬೂದಿಬಸವಪ್ಪನ ಕೈಯಲ್ಲಿದ್ದುದು ಸಿದ್ಧಾಂತವಲ್ಲ, ಮುದ್ರೆ. ಅದು ಒಬ್ಬ ಜಂಗಮನಿಂದ ಬಂದುದರಿಂದ ಅದಕ್ಕೆ ಪಾವಿತ್ರ್ಯವಿತ್ತು; ಕೆಳದಿಯವರದಾದುದರಿಂದ ಅಧಿಕಾರವಿತ್ತು. ಷಟ್ಸ್ಥಲದ ವಿಷಯವಾಗಿ ಅವನು ಏನನ್ನಾದರೂ ಹೇಳಿದನೆಂದು ಯಾವ ಬರಹವೂ ಹೇಳುವುದಿಲ್ಲ. ಅವನು ಕೊಟ್ಟ ಭಾಷೆಯೆಂದು ಗೆಜೆಟಿಯರು ಹೇಳುವುದಿಷ್ಟೇ: ಬಾಕಿಯೆಲ್ಲ ಮಾಫಿ, ಮುಂದೆ ಒಂದೊಂದು ವರಹಕ್ಕೆ ಬದಲಾಗಿ ಒಂದೊಂದು ರೂಪಾಯಿ ಕೊಟ್ಟರೆ ಸಾಕು. ಒಂದು ವರಹಕ್ಕೆ ಮೂರು ರೂಪಾಯಿಗೂ ಮೇಲ್ಪಟ್ಟು ಬೆಲೆಯಿದ್ದ ಕಾಲ ಅದು. ಇದು ಧರ್ಮಶಾಸನವಲ್ಲ; ಶರತ್ತಿನ ಮುಚ್ಚಳಿಕೆಗೆ ಎದುರಾಗಿ ಬರೆದ ಇನ್ನೊಂದು ಮುಚ್ಚಳಿಕೆ.

ಅವನಿಗೆ ಕೊಟ್ಟ ಬಿರುದನ್ನಾದರೂ ಗಮನಿಸತಕ್ಕದ್ದು. ಆನಂದಪುರದ ಪ್ರಾಂತದಲ್ಲಿ ಅವನಿಗೆ ಪಟ್ಟವಾದಾಗ ಇಟ್ಟ ಹೆಸರು ‘ನಗರದ ಖಾವಂದ’. ಬಸವರಾಜನ ‘ಶಿವತತ್ತ್ವರತ್ನಾಕರ’ವನ್ನೂ ಲಿಂಗಣ್ಣನ ‘ಕೆಳದಿನೃಪವಿಜಯ’ವನ್ನೂ ಓದಿದವರಿಗೆ ಆ ವಂಶದ ಸಂಸ್ಕೃತ ಬಿರುದಾವಳಿಗಳ ಪರಿಚಯವಿದೆ. ಅವುಗಳಲ್ಲೊಂದನ್ನೂ ಆರಿಸದೆ, ಆ ವಂಶವನ್ನು ಅಳಿಸಿದವರ ದರ್ಬಾರಿನ ಪಾರಸಿ ಶಬ್ದವನ್ನು ಕೆಳದಿಯ ವಾರಸುದಾರನೆಂಬವನು ಧರಿಸಿದನು. ಖಾವಂದನೆಂದರೆ ಒಡೆಯ, ದೂರು ಕೇಳುವವನು. ಧರ್ಮಸ್ಥಳದ ಹೆಗ್ಗಡೆಯವರನ್ನು ಜನರು ಇಂದಿಗೂ ‘ಖಾವಂದರು’ ಎಂದು ಕರೆಯುವಲ್ಲಿ ಈ ಅರ್ಥವು ಜೀವಂತವಾಗಿದೆ. ಜನರು ಹುಡುಕುತ್ತಿದ್ದುದು ದೇವರನ್ನಲ್ಲ, ಮತಾಚಾರ್ಯನನ್ನೂ ಅಲ್ಲ. ದೂರನ್ನು ಕೇಳುವ ಒಬ್ಬನನ್ನು. ನಗರಸೀಮೆಯಲ್ಲಿ ನೆಲವನ್ನು ಹಿಡಿದವರು ಹವ್ಯಕರು, ವೀರಶೈವರು, ಒಕ್ಕಲಿಗರು, ದೀವರು ಎಂದು ಹಲವು ಕುಲದವರು. ಮತಾಭಿಮಾನವೊಂದೇ ಇವರನ್ನು ಒಂದು ಕೂಟವಾಗಿ ಕಟ್ಟಲಾರದು. ೧೮೩೭ರಲ್ಲಿ ಕೊಡಗು ಮತ್ತು ದಕ್ಷಿಣ ಕನ್ನಡದಲ್ಲಿ ಎದ್ದ ಕಲ್ಯಾಣಸ್ವಾಮಿಯ ದಂಗೆಯೂ ಇದನ್ನೇ ಹೇಳುತ್ತದೆ. ಅಲ್ಲಿಯೂ ನಾಯಕನದು ಜಂಗಮವೇಷ, ಹಾಲೇರಿಯ ವೀರಶೈವ ವಂಶದ ಹೆಸರು. ಹಿಂದೆ ನಿಂತ ಸುಳ್ಯದ ರೈತರು ಬಹುಮಟ್ಟಿಗೆ ಗೌಡರು. ಅವರ ದೂರು, ಧಾನ್ಯವಾಗಿ ಕೊಡುತ್ತಿದ್ದ ಕಂದಾಯವನ್ನು ಹಣವಾಗಿ ಕೊಡಬೇಕಾಯಿತೆಂಬುದು. ನಾಯಕನ ಮತ ಬೇರೆ, ಅನುಯಾಯಿಗಳ ಕುಲ ಬೇರೆ, ಮುದ್ರೆಯೊಂದೇ ಸಮಾನ.

ಇಲ್ಲಿಯವರೆಗೆ ಅನ್ವಯ. ವ್ಯತಿರೇಕವೂ ದೂರವಿಲ್ಲ. ನಗರದಲ್ಲಿ ದಂಗೆಯೆದ್ದ ವರ್ಷದಲ್ಲಿಯೇ, ಅದೇ ಬೆಲೆಯಿಳಿತದಿಂದ, ಘಟ್ಟದ ಕೆಳಗೆ ಕಂಪನಿಯ ಆಳ್ವಿಕೆಯಲ್ಲಿದ್ದ ಕೆನರಾ ಜಿಲ್ಲೆಯ ರೈತರೂ ಕೂಟಗಳನ್ನು ಕಟ್ಟಿದರು. ಅವರು ಸೇರಿದುದು ದೇವಸ್ಥಾನಗಳಲ್ಲಿ. ೧೮೩೧ರ ಆರಂಭದಲ್ಲಿ ಕದ್ರಿಯ ಮಂಜುನಾಥನ ಸನ್ನಿಧಿಯಲ್ಲಿ ಮಹಾಕೂಟವೇ ನಡೆಯಿತು. ಬಡವಾಗುವಿಕೆಯಿದ್ದಿತು, ದೇವರ ಸನ್ನಿಧಿಯಿದ್ದಿತು, ಕೂಟವಿದ್ದಿತು, ನಗರದಂತಹ ರಕ್ತಪಾತವಿರಲಿಲ್ಲ. ಕಂದಾಯ ಕೊಡೆವೆಂದು ಕುಳಿತವರೊಡನೆ ಅಧಿಕಾರಿಗಳು ಮಾತನಾಡಿದರು, ಅರ್ಜಿಗಳನ್ನು ತೆಗೆದುಕೊಂಡರು. ಮಾತು ಹೋಗುವುದಕ್ಕೆ ಒಂದು ದಾರಿ ತೆರೆದಿದ್ದಿತು.

ಇದಕ್ಕಿಂತ ಬಲವಾದ ವ್ಯತಿರೇಕವು ಸಾಗರ ತಾಲೂಕಿನ ಕಾಗೋಡಿನಲ್ಲಿದೆ. ೧೯೫೧ರ ಏಪ್ರಿಲಿನಲ್ಲಿ ಅಲ್ಲಿ ಗೇಣಿದಾರರಿಗೂ ಭೂಮಾಲಿಕರಿಗೂ ವಿವಾದವು ಹುಟ್ಟಿತು. ಗೇಣಿದಾರರು ದೀವರು, ಮಾಲಿಕರು ವೀರಶೈವರು. ಕುಲಮತಗಳ ಗೆರೆಯು ಆಸ್ತಿಯ ಗೆರೆಯ ಮೇಲೆಯೇ ಬಿದ್ದಿದ್ದಿತು. ಗೇಣಿಯ ಭತ್ತವನ್ನು ಅಳೆಯುವ ಮಾಲಿಕರ ಕೊಳಗವು ನ್ಯಾಯವಾದ ಅಳತೆಗಿಂತ ದೊಡ್ಡದೆಂಬುದು ದೂರು. ಮನೆಯ ಜಗಲಿಯ ಮೇಲೆ ಕಣ್ಣೆದುರಿಗಿರುವ ಒಂದು ಪಾತ್ರೆಯಿಂದ ಪ್ರತಿವರ್ಷವೂ ಮೋಸವಾಗುತ್ತಿದೆಯೆಂಬ ಭಾವನೆಯು ಹಿಂಸೆಗೆ ಎಷ್ಟು ಹತ್ತಿರದ್ದೆಂದು ಊಹಿಸಬಹುದು. ಬಡತನವೂ ಮತದ ಅಂತರವೂ ಹಿಂಸೆಯನ್ನು ಹುಟ್ಟಿಸುವುದೇ ನಿಜವಾಗಿದ್ದರೆ, ಅದು ಕಾಗೋಡಿನಲ್ಲಿ ಹುಟ್ಟಬೇಕಾಗಿದ್ದಿತು. ಹುಟ್ಟಿದುದು ಸತ್ಯಾಗ್ರಹ. ಗಣಪತಿಯಪ್ಪನವರ ರೈತಸಂಘವಿದ್ದಿತು, ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷದವರೂ ಬಂದರು, ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧಿತರಾದರು. ರೈತರು ಹೊಲಕ್ಕಿಳಿದರು, ಸೆರೆಗೆ ಹೋದರು, ಮತ್ತೆ ಇಳಿದರು. ಮರುವರ್ಷ ಸಾಗರ-ಹೊಸನಗರದ ಮತದಾರರು ಗೋಪಾಲಗೌಡರನ್ನು ಶಾಸನಸಭೆಗೆ ಕಳುಹಿಸಿದರು. ಇಲ್ಲಿ ಮುದ್ರೆಯ ಸ್ಥಾನದಲ್ಲಿ ಮತಪತ್ರವೂ ಖಾವಂದನ ಸ್ಥಾನದಲ್ಲಿ ಸದಸ್ಯನೂ ಬಂದುದನ್ನು ಕಾಣಬಹುದು. ಲಿಂಗನಮಕ್ಕಿಯ ಕಟ್ಟೆಯಿಂದ ೧೯೬೪ರಲ್ಲಿ ನೆಲ ಮುಳುಗಿ ಕಾಡಿಗೆ ಬಿದ್ದ ಸಾಗರ, ಹೊಸನಗರಗಳ ಸಂಸಾರಗಳಾದರೂ ದಶಕಗಳ ಕಾಲ ಹಕ್ಕುಪತ್ರಕ್ಕಾಗಿ ಅರ್ಜಿ ಬರೆದರು, ಪಾದಯಾತ್ರೆ ನಡೆದರು; ಯಾರ ತಲೆಯನ್ನೂ ಒಡೆಯಲಿಲ್ಲ.

ಆದುದರಿಂದ ಹಸಿಯ ಸೌದೆಯೆಂದರೆ ದೂರಿನ ಬಾಗಿಲನ್ನು ಮುಚ್ಚುವುದು. ಮುಚ್ಚಿದ ಬಾಗಿಲ ಮುಂದೆ ನಿಂತವರಿಗೆ ದಂಡನ್ನು ತೋರಿಸುವುದು. ಬಡವಾಗುವಿಕೆಯು ಕೂಟವನ್ನು ಕೂಡಿಸಿತು. ಮುದ್ರೆಯು ಕೂಟಕ್ಕೆ ಹೆಸರನ್ನೂ ದಿಕ್ಕನ್ನೂ ಕೊಟ್ಟಿತು. ಕೂಟವು ದಂಡಾದುದು ಗಲ್ಲಿನ ಮರ ನೆಟ್ಟ ಮೇಲೆ.

ಇದಕ್ಕೊಂದು ಪೂರ್ವಪಕ್ಷವುಂಟು. ಬೂದಿಬಸವಪ್ಪನ ಸಂಚು ಗಲ್ಲುಗಳಿಗಿಂತ ಮೊದಲೇ ನಡೆದಿದ್ದಿತು. ಪಟ್ಟದ ಆಸೆಯುಳ್ಳವನು ಶಾಂತಿಯಿಂದ ಹೇಗೆ ಇರುವನು? ಹಿಂಸೆಯ ಸಂಕಲ್ಪವು ಮೊದಲೇ ಇದ್ದುದರಿಂದ ಅಧಿಕಾರಿಗಳ ಕ್ರೌರ್ಯವು ಕಾರಣವಾಗದು ಎಂದು. ಈ ಆಕ್ಷೇಪವು ಲಘುವಾದುದಲ್ಲ. ಆದರೆ ಮುದ್ರೆಗಳು ಆ ಮನುಷ್ಯನ ಕೈಗೆ ಬಂದು ವರ್ಷಗಳಾಗಿದ್ದವು. ಅಷ್ಟು ಕಾಲ ಅವನು ಕಳ್ಳನೆನಿಸಿದ್ದನೇ ಹೊರತು ಅರಸನೆನಿಸಲಿಲ್ಲ; ಸೆರೆಯಾದಾಗ ಬಿಡಿಸಲು ಯಾರೂ ಬರಲಿಲ್ಲ. ಅದೇ ಮುದ್ರೆ, ಅದೇ ಮನುಷ್ಯ, ಅದೇ ವೀರಶೈವ ವಂಶದ ನೆನಪು. ಅನುಯಾಯಿಗಳು ದೊರೆತುದು ೧೮೩೦ರಲ್ಲಿ ಮಾತ್ರ. ವಂಚಕನ ಸಂಕಲ್ಪಕ್ಕೆ ಅವನೇ ಕಾರಣನಿರಬಹುದು. ಸಾವಿರಾರು ಜನರು ಅವನನ್ನು ನಂಬಿದುದಕ್ಕೆ ಕಾರಣವನ್ನು ಅವನಲ್ಲಿ ಹುಡುಕುವುದು ವ್ಯರ್ಥ.

ಈ ನಿರ್ಣಯವನ್ನು ಎಲ್ಲೆಡೆಗೂ ಎಳೆಯಲಾಗದೆಂಬುದನ್ನೂ ಹೇಳಬೇಕು. ನಗರದಲ್ಲಿ ಮತವು ಕೊಟ್ಟುದು ವಂಶದ ಗುರುತನ್ನು. ೧೭೯೯ರಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು, ಶಿಕಾರಿಪುರ ಬಿದನೂರುಗಳ ಸೀಮೆಯಲ್ಲಿ ದಂಡು ಕೂಡಿಸಿ, ಮರುವರ್ಷ ವೆಲ್ಲೆಸ್ಲಿಯ ಸೈನ್ಯದಿಂದ ಹತನಾದ ಧೋಂಡಿಯಾ ವಾಘನು ‘ಉಭಯಲೋಕಾಧೀಶ್ವರ’ನೆಂದು ಕರೆದುಕೊಂಡಿದ್ದನು, ಆ ಬಿರುದಿನಲ್ಲಿ ಇಹದ ಜೊತೆಗೆ ಪರವೂ ಸೇರಿತು. ಇಂದಿನ ಭಯೋತ್ಪಾದನೆಯು ತನ್ನ ತರುಣರಿಗೆ ಕೊಡುವುದು ಬಹಳ ಮಟ್ಟಿಗೆ ಎರಡನೆಯ ಲೋಕದ ಮುಚ್ಚಳಿಕೆಯನ್ನೇ. ಅದಕ್ಕೆ ಊರಿನ ಕೂಟವೂ ಬೇಡ, ಕಂದ���ಯದ ಬಾಕಿಯೂ ಬೇಡ. ದೂರದ ಕರೆಯೊಂದು ಕೈಯಲ್ಲಿರುವ ಯಂತ್ರದ ಮೂಲಕ ಏಕಾಂತದಲ್ಲಿ ಬಂದರೆ ಸಾಕು. ಆಲನ್ ಕ್ರೂಗರ್ ಮತ್ತು ಯಿಟ್ಕಾ ಮಲೆಚ್ಕೋವಾ ಎಂಬ ಅರ್ಥಶಾಸ್ತ್ರಜ್ಞರು ೨೦೦೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬಡತನಕ್ಕೂ ಭಯೋತ್ಪಾದನೆಗೂ ನೇರವಾದ ಕಾರ್ಯಕಾರಣಸಂಬಂಧವು ಕಾಣುವುದಿಲ್ಲವೆಂದು ತೋರಿಸಿದ್ದಾರೆ. ಅವರು ಪರೀಕ್ಷಿಸಿದ ಪ್ರಕರಣಗಳಲ್ಲಿ ಭಾಗಿಗಳಾದವರು ತಮ್ಮ ಸುತ್ತಣವರಿಗಿಂತ ಬಡವರಾಗಿಯೂ ಇರಲಿಲ್ಲ, ಅವಿದ್ಯಾವಂತರಾಗಿಯೂ ಇರಲಿಲ್ಲ. ತೀರ್ಥಹಳ್ಳಿಯ ಆರೋಪಿತರ ಹೆಸರುಗಳ ಪಕ್ಕದಲ್ಲಿ ಬಡತನದ ಮಾತನ್ನಾಡಿದವರಾಗಲಿ, ಅವರ ಮತದವರೆಲ್ಲರನ್ನೂ ಆ ಪಟ್ಟಿಯಲ್ಲಿ ಸೇರಿಸಿದವರಾಗಲಿ ಈ ಭೇದವನ್ನು ಮಾಡಲಿಲ್ಲ. ಅಲ್ಲಿಯ ಪೇಟೆಯಲ್ಲಿ ಅದೇ ಮತದ, ಅದೇ ಬಡತನದ ಸಹಸ್ರ ಜನರು ಬೆಳಗಾದರೆ ಅಂಗಡಿ ತೆರೆಯುತ್ತಾರೆ, ಅಡಕೆ ಸುಲಿಯುತ್ತಾರೆ, ಸಂಜೆಯಾದರೆ ಬಾಗಿಲು ಹಾಕುತ್ತಾರೆ. ಅತಿವ್ಯಾಪ್ತಿದೋಷಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಪಾಠಶಾಲೆಗಳಲ್ಲಿ ಕೊಡುವುದು ಕಷ್ಟ.

ಇನ್ನು ಸಮಿತಿಯ ವರದಿಯ ವಿಷಯವಾಗಿ ಒಂದು ಮಾತು ಉಳಿದಿದೆ. ಅದಕ್ಕೆ ರುಜು ಮಾಡಿದವರಲ್ಲೊಬ್ಬರಾದ ಕಬ್ಬನ್ನರೇ ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದರು. ವರದಿಯಲ್ಲಿ ಬೂದಿಬಸವಪ್ಪನಿಗೂ ಅಧಿಕಾರಿಗಳ ಪಕ್ಷಗಳಿಗೂ ಬೇಕಾದಷ್ಟು ಪುಟಗಳು ಸಂದಿದ್ದವು. ಅಧಿಕಾರಕ್ಕೆ ಬಂದಮೇಲೆ ಕಬ್ಬನ್ನರು ಮಾಡಿದುದು ಶರತ್ತಿನ ಪದ್ಧತಿಯನ್ನು ತೆಗೆದುಹಾಕಿದುದು. ಕ್ರಮಕ್ರಮವಾಗಿ ೭೬೯ ಚಿಲ್ಲರೆ ತೆರಿಗೆಯ ಬಾಬುಗಳನ್ನು ಲೆಕ್ಕದ ಪುಸ್ತಕದಿಂದ ಹೊಡೆದುಹಾಕಿದುದು. ದಂಗೆಯ ಕಾರಣವನ್ನು ಕುರಿತು ಅವರು ಬರೆದುದಕ್ಕೂ ಮಾಡಿದುದಕ್ಕೂ ವಿರೋಧ ತೋರುವೆಡೆಯಲ್ಲಿ, ವ್ಯಾಖ್ಯಾನಕಾರರು ಮಾಡಿದುದನ್ನೇ ಪ್ರಮಾಣವಾಗಿ ಹಿಡಿಯತಕ್ಕದ್ದು. ಆ ೭೬೯ ಬಾಬುಗಳಲ್ಲಿ ಮತಕ್ಕೆ ಸಂಬಂಧಪಟ್ಟ ಯಾವ ಮುದ್ರೆಯೂ ಇರಲಿಲ್ಲ.